ಹುಸಿ ಶೋಧಗಳಿಗೆ ಕಡಿವಾಣ: ಭರವಸೆ ಎಷ್ಟು, ಮಿತಿ ಎಲ್ಲಿ?

ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆನ್ನುತ್ತದೆ ಭಾರತೀಯ ಮಾನಕ. ನೀವು ದೇವದುರ್ಗ, ಮಾನ್ವಿ ತಾಲ್ಲೂಕುಗಳ 60 ಕೊಳವೆಬಾವಿಗಳಿಂದ ನೀರು ತಂದು, ಬಾವಿಯ ಆಳ, ಕಾಲುವೆಯಿಂದ ದೂರ, ಸೋಡಿಯಂ, ಕ್ಯಾಲ್ಸಿಯಂ ಹೀಗೆ 100 ಚರಗಳನ್ನು ದಾಖಲಿಸಿದ್ದೀರಿ ಎಂದುಕೊಳ್ಳಿ. ಇವುಗಳಲ್ಲಿ ಫ್ಲೋರೈಡಿಗೆ ನಿಜವಾಗಿ ಸಂಬಂಧಿಸಿದವು ಯಾವುವು?

ಒಂದೊಂದನ್ನೂ ಶೇ. 5ರ ಮಟ್ಟದಲ್ಲಿ ಪರೀಕ್ಷಿಸಿದರೆ, ಯಾವ ಚರಕ್ಕೂ ಸಂಬಂಧವಿಲ್ಲದಿದ್ದರೂ ಸರಾಸರಿ ಐದು 'ಮಹತ್ವದವು' ಎಂದು ತೋರುತ್ತವೆ. 1995ರಲ್ಲಿ ಬೆಂಜಮಿನಿ ಮತ್ತು ಹೋಕ್‌ಬರ್ಗ್ ಇದಕ್ಕೊಂದು ಪರಿಹಾರ ಸೂಚಿಸಿದರು. ಆಯ್ದ ಪಟ್ಟಿಯಲ್ಲಿ ಹುಸಿಗಳ ಪಾಲು ಸರಾಸರಿ ಶೇ. 10 ಮೀರದಿರಲು, ಪಿ-ಮೌಲ್ಯಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ. ಮೊದಲನೆಯದಕ್ಕೆ ಮಿತಿ 0.001, ಎರಡನೆಯದಕ್ಕೆ 0.002, ಹೀಗೆ ಏರುತ್ತದೆ. ಮೌಲ್ಯಗಳು 0.0004, 0.0015, 0.0028, 0.012 ಎಂದಿದ್ದು, ಮುಂದಿನ ಯಾವುದೂ ತನ್ನ ಮಿತಿಯೊಳಗಿಲ್ಲದಿದ್ದರೆ ಮೊದಲ ಮೂರನ್ನು ಮಾತ್ರ ಸ್ವೀಕರಿಸಬೇಕು.

ವಿಧಾನ ಸರಳ, ಸುಂದರ. ಆದರೆ ಮೂಲ ಸಾಧನೆ ಪರೀಕ್ಷೆಗಳು ಪರಸ್ಪರ ಸ್ವತಂತ್ರವೆಂದು ಭಾವಿಸುತ್ತದೆ. ನೀರಿನ ಘಟಕಗಳು ಹಾಗಿಲ್ಲ. ಸೋಡಿಯಂ ಜತೆ ಏರಿಳಿಯುವ ಪ್ರತಿಯೊಂದೂ ಒಂಟಿ ಪರೀಕ್ಷೆಯಲ್ಲಿ ಗೆಲ್ಲಬಹುದು. ಎಂಥ ಅವಲಂಬನೆ ಇದ್ದರೂ ಸಲ್ಲುವ 2001ರ ಬೆಂಜಮಿನಿ-ಯೆಕುಟಿಯೆಲಿ ತಿದ್ದುಪಡಿಯಲ್ಲಿ, 100 ಚರಗಳಿಗೆ ಮಿತಿ ಐದು ಪಟ್ಟಿಗೂ ಹೆಚ್ಚು ಬಿಗಿಯಾಗುತ್ತದೆ. ಆಗ ನಿಜವಾದ ಕಾರಣವೂ ಕೈತಪ್ಪಬಹುದು.

ಎಲ್ಲ ಚರಗಳನ್ನೂ ಒಟ್ಟಿಗೆ ಪರಿಗಣಿಸೋಣವೆಂದರೆ, 60 ಸಮೀಕರಣಗಳಿಂದ 100 ಅಜ್ಞಾತಗಳನ್ನು ನಿರ್ಧರಿಸಲಾಗದು. ಟಿಬ್ಷಿರಾನಿಯವರ ಲ್ಯಾಸೊ (1996) ಕೆಲವನ್ನು ಆರಿಸಿಕೊಡುತ್ತದೆ. ಅವುಗಳಲ್ಲಿ ಹುಸಿ ಎಷ್ಟೆಂದು ಹೇಳುವುದಿಲ್ಲ. ಬಾರ್ಬರ್ ಮತ್ತು ಕ್ಯಾಂಡೆಸ್ 2015ರಲ್ಲಿ ಮಂಡಿಸಿದ 'ನಾಕಾಫ್' ವಿಧಾನ ಪ್ರತಿ ಚರಕ್ಕೂ ಒಂದು ನಕಲಿ ಜೊತೆಗಾರನನ್ನು ಸೃಷ್ಟಿಸುತ್ತದೆ. ಅಸಲಿಯು ನಕಲಿಯನ್ನು ಸ್ಪಷ್ಟವಾಗಿ ಮೀರಿಸಿದರೆ ಮಾತ್ರ ಆಯ್ಕೆ. ಚರಗಳು ಮಾದರಿಗಳಿಗಿಂತ ಹೆಚ್ಚಿದ್ದರೂ ಸಲ್ಲುವ ಅದರ 2018ರ ರೂಪಕ್ಕೆ ಚರಗಳ ಒಟ್ಟಾರೆ ಹಂಚಿಕೆ ತಿಳಿದಿರಬೇಕು. ಕೇವಲ 60 ಬಾವಿಗಳಿಂದ ಅದನ್ನು ತಿಳಿಯುವುದೆಂತು? ಅಕ್ಕಪಕ್ಕದ ಬಾವಿಗಳ ನೀರನ್ನು ಸ್ವತಂತ್ರ ಮಾದರಿಗಳೆಂದು ಎಣಿಸುವುದೂ ಸರಿಯಲ್ಲ.

ಇನ್ನೊಂದು ಮಾತು: ಶೇ. 10 ಎಂಬುದು ಪ್ರಯೋಗವನ್ನು ಮತ್ತೆಮತ್ತೆ ನಡೆಸಿದಾಗಿನ ಸರಾಸರಿ; ನಿಮ್ಮ ಕೈಯಲ್ಲಿರುವ ಪಟ್ಟಿಗೆ ಕೊಟ್ಟ ಪ್ರಮಾಣಪತ್ರವಲ್ಲ. ಪಟ್ಟಿಯಲ್ಲಿ 'ಆಳ' ಹುಸಿಯಾಗಿ ಸೇರಿದರೆ, ಅದನ್ನು ನಂಬಿದ ಊರು ಹಣ ಸುರಿದು ಹೊಸ ಬಾವಿ ಕೊರೆಸಿ ಅದೇ ನೀರು ಕುಡಿದೀತು.

ಆದ್ದರಿಂದ ಆಯ್ಕೆಯಾದ ಚರಕ್ಕೆ ಭೌತ-ರಾಸಾಯನಿಕ ಕಾರಣವನ್ನೂ ಕೇಳಿ. ಕ್ಯಾಲ್ಸಿಯಂ ಹೆಚ್ಚಿದ್ದರೆ ಕ್ಯಾಲ್ಸಿಯಂ ಫ್ಲೋರೈಡಿನ ಅಲ್ಪ ವಿಲೇಯತೆ ನೀರಿನ ಫ್ಲೋರೈಡಿಗೆ ಮಿತಿ ಹಾಕುತ್ತದೆ. ಕ್ಯಾಲ್ಸಿಯಂ ಕಡಿಮೆಯಾದಾಗ ಆ ತಡೆ ಸಡಿಲವಾಗುತ್ತದೆ. ಬಳಿಕ ಹೊಸ ಬಾವಿಗಳಲ್ಲಿ, ಬೇರೆ ಋತುವಿನಲ್ಲಿ ಪಟ್ಟಿಯನ್ನು ಮತ್ತೆ ಪರೀಕ್ಷಿಸಿ. ಸೂತ್ರವು ಹುಸಿಗಳನ್ನು ಕಡಿಮೆ ಮಾಡೀತು; ಉಳಿದವನ್ನು ಹಿಡಿಯಬೇಕಾದದ್ದು ಪ್ರಯೋಗವೇ.