ಪಶ್ಚಿಮ ಗ್ಯಾಲರಿಯ ನೀಲಿ ಬಳಗ

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದಕ್ಕೆ ಚರಿತ್ರೆಯೂ ಇರಲಿಲ್ಲ, ಅಭಿಮಾನಿಗಳೂ ಇರಲಿಲ್ಲ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತ ಒಂದಷ್ಟು ಜನ ‘ವೆಸ್ಟ್ ಬ್ಲಾಕ್ ಬ್ಲೂಸ್’ ಆದರು. ಮೊದಲ ವರ್ಷವೇ ತಂಡ ಐ-ಲೀಗ್ ಗೆದ್ದಿತು, ಬಳಗವೂ ಬೆಳೆಯಿತು. ಪಂದ್ಯವಿಲ್ಲದ ದಿನಗಳಲ್ಲೂ ಮಾತು ಮುರಿಯದಂತೆ ನೋಡಿಕೊಂಡದ್ದು ಫೇಸ್‌ಬುಕ್, ಟ್ವಿಟರ್. ಹಾಡಿನ ಸಾಲು ಮೊದಲೇ ಅಲ್ಲಿ ಸಿಕ್ಕಿದ್ದರೆ ತಂಡ ಮುಂದೆ ತವರಾಗಿಸಿಕೊಂಡ ಕಂಠೀರವ ಕ್ರೀಡಾಂಗಣಕ್ಕೆ ಹೊಸದಾಗಿ ಬಂದವರೂ ದನಿಗೂಡಿಸಬಲ್ಲರು. ಪಂದ್ಯ ಮುಗಿದ ಮೇಲೆ ಆಟಗಾರರು ಗ್ಯಾಲರಿಯ ಎದುರು ಬಂದು ನಿಲ್ಲುತ್ತಾರೆ. ಡೋಲಿನ ಏಟಿಗೆ ಎಲ್ಲರ ಕೈಗಳೂ ತಲೆಯ ಮೇಲೆ ಒಮ್ಮೆಗೇ ಚಪ್ಪಾಳೆ ತಟ್ಟುತ್ತವೆ. ಗೆದ್ದಾಗ ಕೂಗುವುದು ಸುಲಭ. ಸೋತ ಮರುದಿನವೂ ಚದುರದ ಬಳಗ ಕಟ್ಟುವುದು ದೊಡ್ಡ ಕಸುಬು. ಒಮ್ಮೆ ಆ ಗ್ಯಾಲರಿಯಲ್ಲಿ ನಿಂತು ನೋಡಿ.