ಐನ್‌ಮನೆಯಲ್ಲಿ ಮತ್ತೆ ಒಲೆ ಉರಿಯಬೇಕಾದರೆ

ಒಬ್ಬ ಮೂಲಪುರುಷನಿಂದ ಗಂಡು ಸಂತತಿಯ ಮೂಲಕ ಕವಲೊಡೆದ ಕುಲವನ್ನು ಕೊಡವರು ಒಕ್ಕ ಎಂದೂ, ಆ ಒಕ್ಕದ ಎಲ್ಲರಿಗೂ ಸೇರಿದ ಹಿರಿಯರ ಮನೆಯನ್ನು ಐನ್‌ಮನೆ ಎಂದೂ ಕರೆಯುತ್ತಾರೆ. ಗದ್ದೆಬಯಲನ್ನು ನೋಡುವ ದಿಬ್ಬದ ಮೇಲೆ, ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿ ನಿಂತ ಈ ಮನೆಗಳಲ್ಲಿ ಹಿಂದೆ ಹಲವು ತಲೆಮಾರುಗಳು ಒಟ್ಟಿಗೆ ಬಾಳಿದ್ದವು. ಕಾಫಿ ಬೆಳೆ ಹಬ್ಬಿ ಸಂಸಾರಗಳು ತೋಟದ ನಡುವೆ ಬೇರೆ ಮನೆ ಕಟ್ಟಿಕೊಂಡು, ಮಕ್ಕಳು ಸೈನ್ಯಕ್ಕೂ ಬೆಂಗಳೂರಿಗೂ ಹೊರಟುಹೋದ ಮೇಲೆ, ಅವುಗಳಲ್ಲಿ ಅನೇಕವು ಸುಗ್ಗಿಯ ಪುತ್ತರಿಗೋ ಆಯುಧಪೂಜೆಯ ಕೈಲ್‌ಪೊಳ್ದ್‌ಗೋ ಮಾತ್ರ ಬಾಗಿಲು ತೆರೆಯುವ ಮನೆಗಳಾದವು. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಕೊಡಗಿನಾದ್ಯಂತ ಸುತ್ತಿ ಐನ್‌ಮನೆಗಳನ್ನು ದಾಖಲಿಸಿ 2014ರಲ್ಲಿ ಪುಸ್ತಕವಾಗಿ ತಂದದ್ದರಿಂದ ಅವುಗಳ ರಚನೆ ಮತ್ತು ಸ್ಥಿತಿಗತಿ ಇಂದು ಕೊಡಗಿನ ಹೊರಗಿನವರಿಗೂ ತಿಳಿಯುವಂತಾಗಿದೆ. ದಾಖಲಾತಿಯ ಆಚೆಗಿನ ಕೆಲಸವೆಂದರೆ ಇಂಥ ಮನೆಯನ್ನು ವರ್ಷವಿಡೀ ವಾಸಿಸುವುದಕ್ಕೆಂದು ದುರಸ್ತಿ ಮಾಡುವುದು. ಹಬ್ಬಕ್ಕೆಂದು ಮಾಡುವ ಸುಣ್ಣಬಣ್ಣಕ್ಕಿಂತ ಅದು ಬಹಳ ಬೇರೆಯಾದದ್ದು.

ಐನ್‌ಮನೆ ಹಾಳಾಗುವುದಕ್ಕೆ ವಯಸ್ಸಿಗಿಂತ ನಿರ್ಜನತೆಯೇ ದೊಡ್ಡ ಕಾರಣ. ಸೌದೆ ಒಲೆಯ ಹೊಗೆ ಅಟ್ಟದ ತೊಲೆಗಳನ್ನು ಒಣಗಿಸಿಟ್ಟು ಹುಳುಗಳನ್ನು ದೂರವಿಡುತ್ತಿತ್ತು, ಜಾರಿದ ಹೆಂಚು ಅದೇ ದಿನ ಯಾರದೋ ಕಣ್ಣಿಗೆ ಬೀಳುತ್ತಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಸೀಮೆಯ ಬೀಗ ಹಾಕಿದ ಮನೆಯಲ್ಲಿ ಒಂದೇ ಒಂದು ಹೆಂಚು ಸರಿದರೂ ನೀರು ಇಡೀ ಮಳೆಗಾಲ ಒಂದೇ ಜಾಗದಲ್ಲಿ ಇಳಿದು, ಗೋಡೆಯ ತಲೆಯ ಮೇಲಿನ ಅಡ್ಡತೊಲೆಯನ್ನು ಕೊಳೆಸಿ, ಗೆದ್ದಲಿಗೆ ದಾರಿ ಮಾಡಿಕೊಡುತ್ತದೆ. ಆದುದರಿಂದ ಕೆಲಸ ಮಾಡಿನಿಂದಲೇ ಆರಂಭವಾಗಬೇಕು. ಕೊಡಗಿನ ಹಳೆಯ ಮಾಡುಗಳು ಮೊದಲು ಹುಲ್ಲಿನವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರದ ದಶಕಗಳಲ್ಲಿ ಹುಲ್ಲಿನ ಜಾಗಕ್ಕೆ ಹೆಂಚು ಬಂದಿತು. ಹಳೆಯ ಹೆಂಚುಗಳನ್ನು ಇಳಿಸಿ, ತೊಳೆದು, ಬಿರುಕು ಬಿಟ್ಟವನ್ನು ಬೇರ್ಪಡಿಸಿ, ಹೆಂಚು ಕೂರುವ ತೆಳು ಪಟ್ಟಿಗಳಾದ ರೀಪುಗಳನ್ನೂ ಅವುಗಳನ್ನು ಹೊರುವ ಪಕಾಸುಗಳನ್ನೂ ಬಡಿದು ಪರೀಕ್ಷಿಸುವ ಕೆಲಸ ನಿಧಾನದ್ದು. ಅದನ್ನು ತಪ್ಪಿಸಿಕೊಳ್ಳಲು ಇಡೀ ಮಾಡಿಗೆ ತಗಡು ಹೊದಿಸುವುದು ಮನೆಯೊಳಗಿನ ಗಾಳಿಯನ್ನೂ ಸದ್ದನ್ನೂ ಕೆಡಿಸುತ್ತದೆ.

ಗೋಡೆಯ ವಿಷಯದಲ್ಲಿ ನಡೆಯುವ ತಪ್ಪು ಇನ್ನೂ ದುಬಾರಿಯಾದುದು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವವನ್ನು ಹೀರಿ ಬೇಸಿಗೆಯಲ್ಲಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಾರೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಮೂರು-ನಾಲ್ಕು ವರ್ಷ ಚೆನ್ನಾಗಿಯೇ ಕಾಣುವ ಮೇಲ್ಪದರದ ಹಿಂದೆ ಮಣ್ಣು ಪುಡಿಯಾಗತೊಡಗುತ್ತದೆ. ಇಲ್ಲಿಗೆ ಒಪ್ಪುವುದು ಸುಣ್ಣದ ಗಾರೆ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ನೀರಿನಡಿಯಲ್ಲಿಟ್ಟು, ಮರಳಿನೊಂದಿಗೆ ಕಲಸಿದ ಈ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ ಮತ್ತು ಗೋಡೆಯನ್ನು ಉಸಿರಾಡಲು ಬಿಡುತ್ತದೆ.

ಐನ್‌ಮನೆಯ ನಿಜವಾದ ಸಂಪತ್ತು ಮರ. ಮುಂಭಾಗದ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕೆತ್ತನೆಯ ಕಂಬಗಳ ನಡುವೆ ಗಿಡ್ಡ ಗೋಡೆಯ ಮೇಲೆ ಹಾಸಿದ ದಪ್ಪ ಹಲಗೆಯ ಆಸನವೇ ಐಮರ. ಹಿರಿಯರು ಕೂತು ವ್ಯಾಜ್ಯ ತೀರಿಸಿದ ಆ ಹಲಗೆಗೆ ಪ್ಲೈವುಡ್ಡಿನ ತೇಪೆ ಹಾಕುವುದು ಅನ್ಯಾಯ. ಆದರೆ ಬದಲಿ ಮರ ಸುಲಭವಾಗಿ ಸಿಗುವುದಿಲ್ಲ: ಕೊಡಗಿನಲ್ಲಿ ‘ಅನ್‌ರಿಡೀಮ್ಡ್’ ಎಂದು ಕರೆಯುವ ಜಮೀನುಗಳಿದ್ದು, ಅಲ್ಲಿ ಮರದ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟದ ಹೊರತು ಮರದ ಹಕ್ಕು ಹಿಡುವಳಿದಾರನಿಗೆ ಬರುವುದಿಲ್ಲವಾದ್ದರಿಂದ, ಸ್ವಂತ ತೋಟದ ಬೀಟೆ ಮರವೂ ಸ್ವಂತ ಮನೆಯ ತೊಲೆಯಾಗಲಾರದು. ಹೀಗಾಗಿ ಇದ್ದುದನ್ನು ಉಳಿಸುವುದೇ ಜಾಣತನ. ಕೊರಕ ಹುಳು ಹಿಡಿದ ಒಳಗಿನ ಮರಕ್ಕೆ ಬೋರಾಕ್ಸ್ ದ್ರಾವಣ ಬಳಿದು, ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಹಳೆಯ ಮರವನ್ನು ಜೋಡಿಸಬಲ್ಲ ಆಚಾರಿಗಳು ಸಿಕ್ಕರೆ ಅವರ ಕೂಲಿಗೆ ಚೌಕಾಸಿ ಮಾಡಬಾರದು.

ವಾಸಕ್ಕೆ ಬೇಕಾದ ಸೌಕರ್ಯಗಳು ಎಲ್ಲಿ ಸೇರಬೇಕೆಂಬುದನ್ನು ಮನೆಯ ವಿನ್ಯಾಸವೇ ಹೇಳುತ್ತದೆ. ದೀಪ ಉರಿಯುವ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯೂ, ನೈಋತ್ಯದ ಪವಿತ್ರ ಕೋಣೆಯಾದ ಕನ್ನಿಕೊಂಬರೆಯೂ ಒಕ್ಕದ ಹಿರಿಯರಿಗೆ ಸಂಬಂಧಪಟ್ಟವು. ಅವುಗಳ ಗೋಡೆಯೊಳಗೆ ನೀರಿನ ಕೊಳವೆ ಹಾಯಿಸಬಾರದು. ಸ್ನಾನಗೃಹವೂ ಹೊಸ ಅಡುಗೆಮನೆಯ ತೊಟ್ಟಿಯೂ ಹಿಂಬದಿಯಲ್ಲಿ ಪ್ರತ್ಯೇಕ ಮಾಡಿನ ಕೆಳಗಿದ್ದರೆ, ಎಂದಾದರೂ ಕೊಳವೆ ಒಡೆದರೂ ಹಳೆಯ ಮಣ್ಣಿಗೆ ನೀರು ತಗಲದು. ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಮುಂದ್‌ಮನೆಗಳಲ್ಲಿ ಅಂಗಳವನ್ನು ಫೈಬರ್ ಹಾಳೆಯಿಂದ ಮುಚ್ಚುವುದು ಈಗ ರೂಢಿಯಾಗುತ್ತಿದೆ. ಮುಚ್ಚುವ ಬದಲು, ಅಲ್ಲಿಗೆ ಬಿದ್ದ ನೀರು ಹೊರಹೋಗುವ ತೂಬನ್ನು ಅಗೆದು ಶುಚಿ ಮಾಡಿದರೆ ಬೆಳಕೂ ಗಾಳಿಯೂ ಉಳಿಯುತ್ತವೆ.

ಎಲ್ಲಕ್ಕಿಂತ ಕಠಿಣವಾದುದು ಒಪ್ಪಂದ. ಮನೆ ಇಡೀ ಒಕ್ಕದ್ದಾದ್ದರಿಂದ, ಅಲ್ಲಿ ನೆಲೆಸುವ ಸಂಸಾರ ಯಾವ ಕೋಣೆಗಳನ್ನು ಬಳಸಬಹುದು, ಪುತ್ತರಿಯಂದು ಎಲ್ಲರಿಗೂ ಯಾವುದು ತೆರೆದಿರಬೇಕು, ಖರ್ಚಿನ ಪಾಲು ಹೇಗೆ ಎಂಬುದನ್ನು ಒಕ್ಕದ ಹಿರಿಯನಾದ ಪಟ್ಟೆದಾರನ ಮುಂದೆ ಬರೆದಿಟ್ಟುಕೊಳ್ಳದೆ ಒಂದು ಹೆಂಚನ್ನೂ ಇಳಿಸಬಾರದು. ಪುತ್ತರಿಗೆ ಒಕ್ಕದವರು ಹೇಗೂ ಸೇರುವುದರಿಂದ ಆ ಮಾತುಕತೆಗೆ ಅದೇ ತಕ್ಕ ಕಾಲ; ಜನವರಿಯಲ್ಲಿ ಮಾಡು ಬಿಚ್ಚಿದರೆ ಮೇ ತಿಂಗಳೊಳಗೆ ಮುಚ್ಚಬಹುದು. ಗೋಡೆಯ ಕೊನೆಯ ಪದರವನ್ನು ಮಾತ್ರ ಆ ವರ್ಷ ಬಳಿಯದೆ, ಸಂಸಾರ ಒಂದು ಮಳೆಗಾಲ ಅಲ್ಲಿಯೇ ಇದ್ದು, ಜುಲೈ ತಿಂಗಳಲ್ಲಿ ಎಲ್ಲೆಲ್ಲಿ ತೇವ ಮೂಡಿತೆಂದು ಗುರುತು ಹಾಕಿಕೊಂಡ ಮೇಲೆ ಮುಂದಿನ ಬೇಸಿಗೆಯಲ್ಲಿ ಬಳಿಸುವುದು ಒಳ್ಳೆಯದು.