ಕತ್ತೆತ್ತಿ ನೋಡಬೇಕಾದ ಶಿವ

ಮಾಯಸಂದ್ರದಿಂದ ತುರುವೇಕೆರೆ ದಾಟಿ, ತೆಂಗಿನ ತೋಟಗಳ ನಡುವೆ ಬಾಣಸಂದ್ರದ ಕಡೆಗೆ ಹೋದರೆ ಅರಳಗುಪ್ಪೆ ಹತ್ತಿರವಾಗುತ್ತದೆ. ಅಲ್ಲಿನ ಹೊಯ್ಸಳ ಚೆನ್ನಕೇಶವ ಗುಡಿಗೆ ಹೆಸರಿದೆ, ಅದು ಸಲ್ಲಬೇಕಾದದ್ದೇ. ಆದರೆ ಈ ಸೀಮೆಯ ಅತ್ಯುತ್ತಮ ಶಿಲ್ಪ ಯಾವುದೆಂದರೆ ನಾನು ಅದೇ ಊರಿನ ಕಲ್ಲೇಶ್ವರ ಗುಡಿಯ ಒಳಮಾಳಿಗೆಯನ್ನು ತೋರಿಸುತ್ತೇನೆ. 9ನೇ ಶತಮಾನದ ನೊಳಂಬ ಶೈಲಿಯ ಕೆಲಸ ಅದು.

ನಡುವೆ ಕುಣಿಯುವ ಶಿವ. ಸುತ್ತ ಎಂಟು ಅಂಕಣಗಳಲ್ಲಿ ಅಷ್ಟದಿಕ್ಪಾಲಕರು: ಆನೆಯ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣನ ಮೇಲೆ ಯಮ, ಮಕರದ ಮೇಲೆ ವರುಣ. ಯಾರೂ ಅಲಂಕಾರಕ್ಕೆಂದು ಬಂದವರಲ್ಲ. ಕೆಳಗೆ ನಿಂತವನನ್ನು ಅವರು ದಿಕ್ಕುಗಳ ನಟ್ಟನಡುವೆ ನಿಲ್ಲಿಸುತ್ತಾರೆ. ನಂಬುವವರೂ ನಂಬದವರೂ ಅದೇ ಜಾಗದಲ್ಲಿ ನಿಂತು, ಅದೇ ರೀತಿ ಕತ್ತೆತ್ತಬೇಕು. ಪುಸ್ತಕದ ಫೋಟೊದಲ್ಲಿ ಈ ಗುಣ ಪೂರ್ತಿ ಕಳೆದುಹೋಗುತ್ತದೆ. ಅಲ್ಲಿ ಉಳಿಯುವುದು ಒಂಬತ್ತು ಚೌಕ ಮಾತ್ರ.

ದೇವರ ಕಲೆಗೆ ಈ ಕಾಲದಲ್ಲಿ ಜಾಗವಿಲ್ಲ, ಸೆಕ್ಯುಲರ್ ಸರ್ಕಾರಕ್ಕೆ ಅದರ ಬೆಲೆ ಗೊತ್ತಿಲ್ಲ ಎಂದು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೇಂದ್ರ ಸರ್ಕಾರ ನೋಡಿಕೊಳ್ಳುವ ಸ್ಮಾರಕ ಪೂಜಾಸ್ಥಳವಾಗಿದ್ದರೆ ಅದನ್ನು ಅದರ ಸ್ವರೂಪಕ್ಕೆ ಒಪ್ಪದ ಕೆಲಸಕ್ಕೆ ಬಳಸಕೂಡದೆಂದು 1958ರ ಸ್ಮಾರಕ ಕಾಯ್ದೆಯ 16ನೇ ಸೆಕ್ಷನ್ನೇ ಹೇಳುತ್ತದೆ. ಹೆಚ್ಚು ಹಾನಿ ಆಗುತ್ತಿರುವುದು ಜೀರ್ಣೋದ್ಧಾರದಿಂದ. ಎಷ್ಟೋ ಹಳೆಯ ಗುಡಿಗಳ ನೆಲಕ್ಕೆ ಟೈಲ್ಸ್, ಬಾಗಿಲವಾಡಕ್ಕೆ ಗ್ರಾನೈಟ್, ಮೂರ್ತಿಗಳಿಗೆ ಆಯಿಲ್ ಪೇಂಟ್ ಬಂದಿವೆ. ಕೊಟ್ಟವರ ಭಕ್ತಿಯಲ್ಲಿ ಕೊರತೆಯಿಲ್ಲ, ನಿಜ. ಆದರೆ ಪೇಂಟು ಒಮ್ಮೆ ಬಿತ್ತೆಂದರೆ ಎದೆಯ ಮೇಲಿನ ಎಳೆ ಜನಿವಾರ, ಬೆರಳಿನ ಉಗುರು, ಉಳಿಯ ಕೊನೆಯ ಗೀರು, ಎಲ್ಲ ಅದರಡಿ ಹೂತುಹೋಗುತ್ತವೆ.

ಹಾಗೆಂದು ಗುಡಿಯನ್ನು ಬರೀ ಪ್ರದರ್ಶನದ ವಸ್ತು ಮಾಡುವುದೂ ಸರಿಯಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಒಟ್ಟಿಗೇ ಯುನೆಸ್ಕೊ ಪಟ್ಟಿ ಸೇರಿದವು. ಪೂಜೆ ನಿಂತ ಸೋಮನಾಥಪುರದಲ್ಲಿ ಜನ ಗೋಡೆಯನ್ನು ನೋಡುತ್ತಾರೆ. ಬೇಲೂರಿನಲ್ಲಿ ಗೋಡೆಯನ್ನು ನೋಡುತ್ತಲೇ ದೇವರ ಮುಂದೆ ಬಂದು ನಿಲ್ಲುತ್ತಾರೆ. ಶಿಲ್ಪಿ ಯೋಚಿಸಿದ್ದ ದಾರಿ ಎರಡನೆಯದು.

ನನ್ನ ತಕರಾರು ಪುರಾತತ್ವ ಇಲಾಖೆಯ ಬಗ್ಗೆಯೂ ಇದೆ. ಸ್ಮಾರಕಗಳ ಮುಂದಿನ ಬೋರ್ಡುಗಳು ಹಾನಿ ಮಾಡಿದರೆ ಏನು ಶಿಕ್ಷೆ ಎಂದು ಹೇಳುತ್ತವೆ, ಎಲ್ಲಿ ನಿಂತು ನೋಡಬೇಕೆಂದು ಹೇಳುವುದಿಲ್ಲ. ನಡು ಅಂಕಣದ ಕೆಳಗೆ ನಿಲ್ಲಿ, ಮೊದಲು ಶಿವನನ್ನು ನೋಡಿ, ಆಮೇಲೆ ಪೂರ್ವದ ಇಂದ್ರನಿಂದ ಹಿಡಿದು ಪ್ರದಕ್ಷಿಣೆಯಾಗಿ ನೋಡುತ್ತ ಬನ್ನಿ ಎಂದು ಅರಳಗುಪ್ಪೆಯಲ್ಲಿ ಕನ್ನಡದಲ್ಲಿ ಬರೆಸಿದರೆ, ಬಂದವರು ಆ ಒಳಮಾಳಿಗೆಯನ್ನು ಕಂಡು ಹೋಗುತ್ತಾರೆ.